ಕೂದಲಿನ ಖರ್ಚು: ಸಿಂಹದ ಕೊಬ್ಬಿನಿಂದ 60 ಸಾವಿರದ ಪ್ಯಾಕೇಜಿನವರೆಗೆ

ಹೋದ ಚಳಿಗಾಲದ ಒಂದು ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ನೀನು ಪೇಪರಿನವನು, ನಿನಗೆ ಗೊತ್ತಿರುತ್ತೆ. 60 ಸಾವಿರ ಕೊಟ್ಟರೆ ಆರು ತಿಂಗಳಲ್ಲಿ ತಲೆ ತುಂಬ ಕೂದಲು ಬರುತ್ತಂತೆ, ನಿಜವಾ?" ಎಂದ. ದುಡ್ಡು ಎಲ್ಲಿಂದ ತರ್ತೀಯ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೆಂಚಿಯನ್ನು ಕೊಟ್ಟುಬಿಡೋಣ ಅಂತಿದ್ದೀನಿ" ಎಂದ.

ಕೆಂಚಿ ಅವರ ಮನೆಯ ಜರ್ಸಿ ಹಸು. ಆ ಮನೆಯಲ್ಲಿ ಡೇರಿಯ ಬಟವಾಡೆ ದಿನ ದಿನಸಿ ಬರುವುದು ಅವಳ ಹಾಲಿನಿಂದ. ಹುಡುಗನಿಗೆ 28 ವರ್ಷ, ಎರಡು ಎಕರೆ ಜಮೀನು, ದುಡಿಮೆಗಾರ. ಮೂರು ಕಡೆ ಹೆಣ್ಣು ನೋಡಿ ಬಂದಿದ್ದರು. ಮೊದಲ ಎರಡು ಮನೆಯವರು ಏನೂ ಹೇಳಲಿಲ್ಲ. ಮೂರನೇ ಮನೆಯವರು ಬ್ರೋಕರ್ ಹತ್ತಿರ ಹೇಳಿ ಕಳಿಸಿದರು: ಹುಡುಗನಿಗೆ ವಯಸ್ಸು ಜಾಸ್ತಿ ಇದ್ದಂಗಿದೆ, ತಲೆ ನೋಡಿದರೆ ಗೊತ್ತಾಗುತ್ತೆ.

ನಗಬೇಡಿ. ಹಳ್ಳಿಯಲ್ಲಿ ರೈತನ ಮಗನಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಅದರ ಮೇಲೆ ಇದೊಂದು.

ನನಗೂ 26ಕ್ಕೇ ಶುರುವಾಗಿತ್ತು. ಡಿಪ್ಲೊಮಾ ಮುಗಿಸಿ, ಸುದ್ದಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬರೆಯುತ್ತಿದ್ದ ಕಾಲ. ನಗರದ ಒಂದು ಕ್ಲಿನಿಕ್‌ನಲ್ಲಿ 18 ಸಾವಿರ ಕಟ್ಟಿದೆ. ತಲೆಗೆ ಏನೋ ಹಚ್ಚಿದರು, ಕೆಂಪು ಲೈಟು ಹಿಡಿದರು, ಎರಡು ಶಾಂಪೂ ಕೊಟ್ಟರು. ಒಂದು ವರ್ಷದ ನಂತರ ಕೂದಲೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಗಾಗಿ ತಮ್ಮನ ಪ್ರಶ್ನೆಗೆ ಬಾಯಿಗೆ ಬಂದಂತೆ ಉತ್ತರ ಹೇಳುವ ಮನಸ್ಸಾಗಲಿಲ್ಲ. "ಒಂದು ವಾರ ಟೈಮ್ ಕೊಡು, ಅಲ್ಲಿಯವರೆಗೆ ಹಸು ಮಾರಬೇಡ" ಎಂದೆ. ಆ ವಾರದಲ್ಲಿ ಓದಿದ್ದು, ವಿಚಾರಿಸಿದ್ದು ಇಲ್ಲಿದೆ. ಬೊಕ್ಕತಲೆಗೆ ಮನುಷ್ಯ ಎಷ್ಟು ಖರ್ಚು ಮಾಡಿದ, ಅದರಲ್ಲಿ ಎಷ್ಟು ಕೂದಲಾಗಿ ವಾಪಸ್ ಬಂತು ಎಂಬ ಲೆಕ್ಕ ಇದು.

ಸಿಂಹ, ಮೊಸಳೆ, ಪಾರಿವಾಳ

ಈಜಿಪ್ಟಿನಲ್ಲಿ ಸಿಕ್ಕಿದ ಎಬರ್ಸ್ ಪಪೈರಸ್ ಎಂಬ ವೈದ್ಯ ಗ್ರಂಥ ಕ್ರಿಸ್ತಪೂರ್ವ 1550ರ ಸುಮಾರಿನದು. ಅಂದರೆ ಮೂರೂವರೆ ಸಾವಿರ ವರ್ಷ ಹಳೆಯದು. ಅದರಲ್ಲಿ ಬೊಕ್ಕತಲೆಗೆ ಮದ್ದು ಇದೆ. ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವು, ಕಾಡುಮೇಕೆ ಇವುಗಳ ಕೊಬ್ಬನ್ನು ಬೆರೆಸಿ ತಲೆಗೆ ಹಚ್ಚಬೇಕು. ಸಿಂಹದ ಕೊಬ್ಬು ತರುವುದು ಬಡವನ ಕೈಲಾಗುವ ಕೆಲಸವೇ? ಮದ್ದು ಸಿಗುವುದು ಕಷ್ಟವಾದಷ್ಟೂ, ಬೆಲೆ ಹೆಚ್ಚಿದಷ್ಟೂ, ಅದರಲ್ಲಿ ಏನೋ ಶಕ್ತಿ ಇರಬೇಕು ಎಂದು ನಾವು ನಂಬುತ್ತೇವೆ. ಆ ನಂಬಿಕೆಯೂ ಅಷ್ಟೇ ಹಳೆಯದು.

ಗ್ರೀಸಿನ ಹಿಪೊಕ್ರೆಟಿಸ್‌ನನ್ನು ವೈದ್ಯಶಾಸ್ತ್ರದ ಪಿತಾಮಹ ಎನ್ನುತ್ತಾರೆ. ಅವನ ಹೆಸರಿನಲ್ಲಿ ಹೇಳಲಾಗುವ ಬೊಕ್ಕತಲೆ ಮದ್ದಿನಲ್ಲಿ ಪಾರಿವಾಳದ ಹಿಕ್ಕೆಯೂ ಸೇರಿದೆ. ಇಂದಿಗೂ ಬೊಕ್ಕತಲೆಯ ಸುತ್ತ ಉಳಿಯುವ ಕೂದಲಿನ ಅಂಚಿಗೆ ಇಂಗ್ಲಿಷಿನಲ್ಲಿ ಅವನ ಹೆಸರೇ ಇದೆ. ಆದರೆ ಅವನ ಹೆಸರಿನ ಗ್ರಂಥದಲ್ಲೇ ಒಂದು ಸಣ್ಣ ಮಾತೂ ಇದೆ: ವೃಷಣ ತೆಗೆಸಿಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ. ಇಡೀ ರೋಗದ ಬೀಗದ ಕೈ ಆ ಮಾತಿನಲ್ಲಿತ್ತು. ಆದರೆ ಅದನ್ನು ಹಿಡಿದು ಮುಂದೆ ಹೋಗಲು ಜಗತ್ತಿಗೆ 2,300 ವರ್ಷ ಬೇಕಾಯಿತು.

ಅಲ್ಲಿಯವರೆಗೆ ಮುಚ್ಚಿಕೊಳ್ಳುವುದೇ ದಾರಿ. ರೋಮಿನ ಜೂಲಿಯಸ್ ಸೀಸರ್ ಹಿಂದಿನ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನಂತೆ. ಸದಾ ಎಲೆಯ ಕಿರೀಟ ತೊಡುವ ಹಕ್ಕನ್ನು ಅವನಿಗೆ ಕೊಟ್ಟಾಗ ಅದರಷ್ಟು ಖುಷಿ ಕೊಟ್ಟ ಗೌರವ ಇನ್ನೊಂದಿರಲಿಲ್ಲ ಎಂದು ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಅಂಥ ಸೇನಾಧಿಪತಿಗೇ ನಾಚಿಕೆಯಾಗಿತ್ತೆಂದರೆ ನಮ್ಮ ಹುಡುಗನದ್ದೇನು ತಪ್ಪು?

ಏಳು ಜನ ಅಕ್ಕತಂಗಿಯರು

ಇನ್ನು 1880ರ ದಶಕದ ಅಮೆರಿಕಕ್ಕೆ ಬನ್ನಿ. ನ್ಯೂಯಾರ್ಕ್ ರಾಜ್ಯದ ನಯಾಗರಾ ಭಾಗದ ಒಂದು ಬಡ ರೈತ ಕುಟುಂಬ, ಸದರ್ಲೆಂಡ್ ಅಂತ. ಏಳು ಹೆಣ್ಣುಮಕ್ಕಳು, ಏಳೂ ಜನಕ್ಕೆ ಉದ್ದನೆಯ ಕೂದಲು. ಏಳೂ ತಲೆಯ ಕೂದಲು ಸೇರಿಸಿದರೆ 37 ಅಡಿ ಎಂದು ಪ್ರಚಾರ. ಊರೂರು ತಿರುಗಿ ಹಾಡುತ್ತಿದ್ದರು, ಸರ್ಕಸ್ಸಿನಲ್ಲೂ ನಿಂತರು. ಜನ ಹಾಡು ಕೇಳಲು ಬರುತ್ತಿರಲಿಲ್ಲ, ಜಡೆ ನೋಡಲು ಬರುತ್ತಿದ್ದರು. ಅಪ್ಪನಿಗೆ ಹೊಳೆಯಿತು. ತಮ್ಮ ಹೆಸರಿನಲ್ಲೇ ಕೂದಲು ಬೆಳೆಸುವ ದ್ರವ ತಯಾರಿಸಿ ಬಾಟಲಿಯಲ್ಲಿ ತುಂಬಿ ಮಾರಿದರು. ಆ ಕಾಲಕ್ಕೇ ಲಕ್ಷಾಂತರ ಡಾಲರ್ ಬಂತು, ಬಂಗಲೆ ಎದ್ದಿತು.

ಬಾಟಲಿಯಲ್ಲಿ ಇದ್ದದ್ದೇನು? ಪರೀಕ್ಷೆ ಮಾಡಿದವರಿಗೆ ಸಿಕ್ಕಿದ್ದು ಮುಖ್ಯವಾಗಿ ವಿಚ್ ಹೇಜಲ್ ಎಂಬ ಗಿಡದ ಬಟ್ಟಿ ಇಳಿಸಿದ ನೀರು ಮತ್ತು ಬೇ ರಮ್ ಎಂಬ ಸುವಾಸನೆಯ ಸಾರಾಯಿ. ಅಷ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಹೆಣ್ಣುಮಕ್ಕಳಿಗೆ ಉದ್ದ ಕೂದಲು ಬಂದದ್ದು ಬಾಟಲಿಯಿಂದಲ್ಲ. ಕೂದಲು ಮೊದಲು ಬಂತು, ಬಾಟಲಿ ಆಮೇಲೆ ಬಂತು. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಅನ್ನುತ್ತಾರಲ್ಲ, ಹಾಗೆಯೇ ಕೂದಲಿದ್ದವಳು ಯಾವ ಎಣ್ಣೆ ಹಿಡಿದು ನಿಂತರೂ ಅದು ಮಾರಾಟವಾಗುತ್ತದೆ. ಇಂದು ನಿಮ್ಮ ಮೊಬೈಲಿನಲ್ಲಿ ಮೊಣಕಾಲುದ್ದದ ಜಡೆಯವರು ಬಾಟಲಿ ಹಿಡಿದು ನಿಲ್ಲುವ ವಿಡಿಯೊ ಬರುತ್ತದಲ್ಲ, ಅದು 140 ವರ್ಷ ಹಳೆಯ ಉಪಾಯ. 1920ರ ದಶಕದಲ್ಲಿ ಹೆಣ್ಣುಮಕ್ಕಳು ಗಿಡ್ಡ ಕೂದಲಿಗೆ ಹೊರಳಿದಾಗ ಸದರ್ಲೆಂಡ್ ವ್ಯಾಪಾರ ಬಿದ್ದುಹೋಯಿತು. ಉಳಿದವರು ಬಡತನದಲ್ಲೇ ತೀರಿಕೊಂಡರು.

ಇಂಥ ಗುಟ್ಟಿನ ಔಷಧಿಗಳ ಲೆಕ್ಕವನ್ನು ಮೊದಲು ಬಿಚ್ಚಿಟ್ಟವರಲ್ಲಿ ಬ್ರಿಟನ್ನಿನ ವೈದ್ಯರ ಸಂಘ ಒಂದು. 1909ರಲ್ಲಿ ಅವರು ಒಂದು ಪುಸ್ತಕ ತಂದರು. ಪೇಟೆಯ ಔಷಧಿಗಳನ್ನು ಪರೀಕ್ಷಿಸಿ, ಒಳಗೆ ಏನಿದೆ, ಆ ಸಾಮಾನಿನ ಬೆಲೆ ಎಷ್ಟು, ಮಾರುವ ಬೆಲೆ ಎಷ್ಟು ಎಂದು ಅಕ್ಕಪಕ್ಕ ಬರೆದರು. ಆಗ ಮನೆಮಾತಾಗಿದ್ದ ಬೀಚಮ್ ಗುಳಿಗೆಗಳಲ್ಲಿ ಇದ್ದದ್ದು ಲೋಳೆಸರ, ಶುಂಠಿ, ಸೋಪು. ಒಂದು ಡಬ್ಬಿಗೆ 1 ಶಿಲ್ಲಿಂಗ್ ಒಂದೂವರೆ ಪೆನ್ನಿ. ಒಳಗಿನ ಸಾಮಾನಿಗೆ ಅರ್ಧ ಫಾರ್ದಿಂಗ್. ನಮ್ಮ ಲೆಕ್ಕದಲ್ಲಿ 1 ರೂಪಾಯಿಯ ಸಾಮಾನು 108 ರೂಪಾಯಿಗೆ. ಅದು ಕೂದಲಿನ ಮದ್ದಲ್ಲ, ನಿಜ. ಆದರೆ ಬಾಟಲಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂದು ಅದು ತೋರಿಸಿಕೊಟ್ಟಿತು.

ತಲೆ ಯಾಕೆ ಬೋಳಾಗುತ್ತದೆ

ಹಿಪೊಕ್ರೆಟಿಸ್ ಕಾಲದ ಆ ಹಳೆಯ ಮಾತಿಗೆ 1942ರಲ್ಲಿ ಉತ್ತರ ಸಿಕ್ಕಿತು. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ತಜ್ಞ, ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರನ್ನು ಅಧ್ಯಯನ ಮಾಡಿದ. ಅವರ ತಲೆ ಬೋಳಾಗಿರಲಿಲ್ಲ. ಗಂಡು ಹಾರ್ಮೋನು ಟೆಸ್ಟೊಸ್ಟಿರಾನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಮನೆತನದಲ್ಲಿ ಇಲ್ಲದವರಿಗೆ ಹಾಗಾಗಲಿಲ್ಲ. ಕೊಡುವುದನ್ನು ನಿಲ್ಲಿಸಿದಾಗ ಉದುರುವುದು ನಿಂತಿತು, ಆದರೆ ಹೋದ ಕೂದಲು ಬರಲಿಲ್ಲ.

ಅಂದರೆ ಬೇಕಾದದ್ದು ಎರಡು: ಮನೆತನದಿಂದ ಬಂದ ಗುಣ ಮತ್ತು ಗಂಡು ಹಾರ್ಮೋನು. ಗಡುಸು ನೀರಲ್ಲ, ಹೆಲ್ಮೆಟ್ ಅಲ್ಲ, ಎಣ್ಣೆ ಹಚ್ಚದೇ ಇದ್ದದ್ದೂ ಅಲ್ಲ. ಟೆಸ್ಟೊಸ್ಟಿರಾನ್ ದೇಹದಲ್ಲಿ ಡಿಎಚ್‌ಟಿ ಎಂಬ ಇನ್ನೂ ಚುರುಕಿನ ರೂಪಕ್ಕೆ ಬದಲಾಗುತ್ತದೆ. ಕೆಲವರ ನೆತ್ತಿಯ ಕೂದಲಿನ ಬುಡಗಳು ಅದರಿಂದ ಕುಗ್ಗುತ್ತವೆ. ಗೊಬ್ಬರ ಕಾಣದ ಹೊಲದಲ್ಲಿ ವರ್ಷದಿಂದ ವರ್ಷಕ್ಕೆ ಪೈರು ಸಣಕಲಾಗುವಂತೆ, ಪ್ರತಿ ಸುತ್ತಿನಲ್ಲೂ ಕೂದಲು ತೆಳುವಾಗುತ್ತಾ ಹೋಗಿ ಕೊನೆಗೆ ಕಣ್ಣಿಗೆ ಕಾಣದಂತಾಗುತ್ತದೆ. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಕೂದಲಿಗೆ ಈ ತೊಂದರೆ ಇಲ್ಲ. ಅದಕ್ಕೇ ಅಲ್ಲಿ ಅಂಚು ಉಳಿಯುತ್ತದೆ.

ಬಿಪಿ ಮಾತ್ರೆಯಿಂದ ಬಂದ ಬಾಟಲಿ

ಕೆಲಸ ಮಾಡುವ ಮೊದಲ ಔಷಧಿ ಬಂದದ್ದು ಆಕಸ್ಮಿಕವಾಗಿ. ಅಮೆರಿಕದ ಅಪ್‌ಜಾನ್ ಕಂಪನಿ ಮಿನಾಕ್ಸಿಡಿಲ್ ಎಂಬ ಮಾತ್ರೆಯನ್ನು ಬಿಪಿಗೆಂದು ಪರೀಕ್ಷಿಸುತ್ತಿತ್ತು. 1970ರ ದಶಕದ ಆರಂಭದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮಾತ್ರೆ ನುಂಗಿದ ರೋಗಿಗೆ ಬೇಡದ ಕಡೆ ಕೂದಲು ಬೆಳೆಯಿತು. ಅಲ್ಲಿನ ಚರ್ಮ ವೈದ್ಯ ಗಂಟರ್ ಕಾನ್ ಮತ್ತು ಅವರ ಸಹೋದ್ಯೋಗಿ ಪಾಲ್ ಗ್ರಾಂಟ್ ಅದನ್ನು ದ್ರವ ಮಾಡಿ ತಮ್ಮ ಮೈಮೇಲೇ ಹಚ್ಚಿ ನೋಡಿದರು. ಕೂದಲು ಬಂತು. ಪೇಟೆಂಟ್ ಯಾರದ್ದು ಎಂದು ಕಂಪನಿಗೂ ಅವರಿಗೂ ವರ್ಷಗಟ್ಟಲೆ ಜಗಳ ನಡೆಯಿತು.

1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಬೊಕ್ಕತಲೆಯ ಔಷಧಿ ಎಂದು ಒಪ್ಪಿತು. ಅಂಥ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. ಮರುವರ್ಷ, 1989ರಲ್ಲಿ, ಅದೇ ಸಂಸ್ಥೆ ಇನ್ನೊಂದು ಆದೇಶ ಹೊರಡಿಸಿತು: ಚೀಟಿ ಇಲ್ಲದೆ ಮಾರುವ ಯಾವುದೇ ಕೂದಲು ಬೆಳೆಸುವ ವಸ್ತುವಿಗೂ ಸರಿಯಾದ ಪುರಾವೆ ಇಲ್ಲ, ಹಾಗೆ ಹೇಳಿಕೊಂಡು ಮಾರುವಂತಿಲ್ಲ. ಆ ಪಟ್ಟಿಯಲ್ಲಿ ಬಯೋಟಿನ್ ಸೇರಿ ಬಿ ವಿಟಮಿನ್‌ಗಳು, ಜೊಜೊಬಾ ಎಣ್ಣೆ, ಗೋಧಿ ಮೊಳಕೆಯ ಎಣ್ಣೆ ಎಲ್ಲ ಇದ್ದವು. ಇಂದು ನೀವು ಕೊಳ್ಳುವ ಬಾಟಲಿಯ ಹಿಂದೆ ಓದಿ ನೋಡಿ, ಇದೇ ಹೆಸರುಗಳು ಕಾಣುತ್ತವೆ. 1996ರಲ್ಲಿ ಮಿನಾಕ್ಸಿಡಿಲ್ ಚೀಟಿ ಇಲ್ಲದೆ ಸಿಗುವಂತಾಯಿತು, ಬೇರೆ ಕಂಪನಿಗಳೂ ತಯಾರಿಸಿದವು, ಬೆಲೆ ಇಳಿಯಿತು.

ಇದರ ಮಿತಿಯನ್ನೂ ಹೇಳಬೇಕು. ಎಲ್ಲರಿಗೂ ಫಲ ಕೊಡುವುದಿಲ್ಲ. ಕೆಲವರಿಗೆ ಚೆನ್ನಾಗಿ ಬರುತ್ತದೆ, ಹಲವರಿಗೆ ಉದುರುವುದು ನಿಧಾನವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು. ಫಲ ನೋಡಲು ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದು ಹೋಗುತ್ತದೆ.

ಒಂದು ಹಳ್ಳಿಯ ಮಕ್ಕಳಿಂದ ಬಂದ ಮಾತ್ರೆ

ಎರಡನೆಯ ಔಷಧಿಯ ಬೇರು ಕೆರಿಬಿಯನ್ ದ್ವೀಪದ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿದೆ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದರು, ಪ್ರಾಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಡಾಕ್ಟರ್ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಅವರ ತಂಡ 1974ರಲ್ಲಿ ಕಾರಣ ಪ್ರಕಟಿಸಿತು. ಟೆಸ್ಟೊಸ್ಟಿರಾನನ್ನು ಡಿಎಚ್‌ಟಿ ಮಾಡುವ ಕಿಣ್ವ ಆ ಮಕ್ಕಳಲ್ಲಿ ಕಡಿಮೆ ಇತ್ತು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಗ್ರಂಥಿ ಸಣ್ಣದು, ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ.

ಇದನ್ನು ಓದಿದ ಮರ್ಕ್ ಕಂಪನಿ ಆ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ತಯಾರಿಸಿತು. 1992ರಲ್ಲಿ 5 ಮಿಲಿಗ್ರಾಂ ಮಾತ್ರೆ ವಯಸ್ಸಾದವರ ಪ್ರಾಸ್ಟೇಟ್ ತೊಂದರೆಗೆ ಬಂತು. 1997ರಲ್ಲಿ 1 ಮಿಲಿಗ್ರಾಂ ಮಾತ್ರೆ ಬೊಕ್ಕತಲೆಗೆ ಬಂತು, ಬೇರೆ ಹೆಸರಿನಲ್ಲಿ. ಅಮೆರಿಕದ ಜಾಣರು ಲೆಕ್ಕ ಹಾಕಿದರು: 5 ಮಿಲಿಗ್ರಾಂ ಮಾತ್ರೆ ತಂದು ಚಾಕುವಿನಿಂದ ನಾಲ್ಕು ಚೂರು ಮಾಡಿದರೆ ಖರ್ಚು ಬಹಳ ಕಡಿಮೆ. ಅಣು ಒಂದೇ, ಹೆಸರು ಬೇರೆ, ಬೆಲೆ ಬೇರೆ.

ನಮ್ಮಲ್ಲಿ ಆ ಕಷ್ಟ ಬರಲಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. 2005ರಲ್ಲಿ ಅದು ಬದಲಾಯಿತು. ಅಷ್ಟರಲ್ಲಿ ಇಲ್ಲಿನ ಕಂಪನಿಗಳು ಕಡಿಮೆ ಬೆಲೆಗೆ ಇವನ್ನು ತಯಾರಿಸುತ್ತಿದ್ದವು.

ಆದರೆ ಈ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಮುಟ್ಟಬೇಡಿ. ಕೆಲವು ಗಂಡಸರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು ಉಂಟು. ಮದುವೆಯ ಹೊಸ್ತಿಲಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ, ವೈದ್ಯರ ಹತ್ತಿರ ಬಾಯಿ ಬಿಟ್ಟು ಕೇಳಬೇಕು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಕೈಯಲ್ಲಿ ಮುಟ್ಟಲೂಬಾರದು.

ನಾಟಿ ಮಾಡುವ ವಿದ್ಯೆ

ಮೂರನೆಯದು ಕೂದಲು ನಾಟಿ. 1939ರಲ್ಲಿ ಜಪಾನಿನ ಡಾಕ್ಟರ್ ಒಕುಡಾ, ಸುಟ್ಟ ಗಾಯದ ಜಾಗಕ್ಕೆ ಕೂದಲಿರುವ ಚರ್ಮದ ಸಣ್ಣ ಚೂರು ಕೂರಿಸುವ ವಿಧಾನ ಬರೆದಿಟ್ಟರು. ಯುದ್ಧದ ಗಲಾಟೆಯಲ್ಲಿ ಹೊರಗಿನವರಿಗೆ ತಿಳಿಯಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ ಒಂದು ಸತ್ಯ ಪ್ರಕಟಿಸಿದರು: ತಲೆಯ ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೆ ಅದು ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ, ಉದುರುವುದಿಲ್ಲ.

ಭತ್ತದ ಸಸಿ ಮಡಿಯಿಂದ ಕಿತ್ತು ಗದ್ದೆಗೆ ನೆಡುವ ಹಾಗೆಯೇ ಇದು. ಮಡಿಯಲ್ಲಿ ಇದ್ದಷ್ಟೇ ಸಸಿ, ಹೊಸದು ಹುಟ್ಟುವುದಿಲ್ಲ. ಇನ್ನೊಂದು ವಿಷಯವನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ನೆಟ್ಟ ಕೂದಲು ಉಳಿಯುತ್ತದೆ, ಆದರೆ ಅದರ ಅಕ್ಕಪಕ್ಕದ ಹಳೆಯ ಕೂದಲು ಉದುರುತ್ತಲೇ ಇರುತ್ತದೆ. ಅದಕ್ಕೆ ಔಷಧಿ ಮುಂದುವರಿಸಬೇಕು. 28ನೇ ವಯಸ್ಸಿಗೆ ನೆಡಿಸಿ ಔಷಧಿ ಬಿಟ್ಟರೆ 35ಕ್ಕೆ ನಡುವೆ ದ್ವೀಪದಂತೆ ಕಾಣಬಹುದು.

ಇದು ಆಪರೇಷನ್, ಬ್ಯೂಟಿ ಪಾರ್ಲರ್ ಕೆಲಸ ಅಲ್ಲ. ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರಕ್ಕೆ ಹೋಗಿ ಕಲಿತರೆ ಸಾಲದು, ತರಬೇತಾದ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. "ಸರ್ಜನ್ ಯಾರು, ಅವರ ಡಿಗ್ರಿ ಏನು" ಎಂದು ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಎಣ್ಣೆಯಿಂದ ಬಂತು ಅನ್ನುತ್ತಾರಲ್ಲ?

ಈ ಪ್ರಶ್ನೆ ನಮ್ಮ ಮನೆಯಲ್ಲೇ ಬಂತು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಆದಿವಾಸಿ ಎಣ್ಣೆ ಈಗ ದೇಶಕ್ಕೆಲ್ಲ ಗೊತ್ತು. ಬೇಟೆ ನಿಂತ ಮೇಲೆ ಗಿಡಮೂಲಿಕೆ, ಎಣ್ಣೆ ಹೊತ್ತು ಆಫ್ರಿಕಾದವರೆಗೆ ಹೋಗಿ ಬದುಕು ಕಟ್ಟಿಕೊಂಡವರು ಅವರು. 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಅವರೇ ಹೆಚ್ಚು ಸುದ್ದಿಯಾದರು. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಎಣ್ಣೆ ಹಚ್ಚಿದರೆ ಕೂದಲು ಮೃದುವಾಗುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ, ಅದೂ ನಿಜ. ಆದರೆ ಡಿಎಚ್‌ಟಿಯಿಂದ ಕುಗ್ಗಿದ ಬುಡವನ್ನು ಎಣ್ಣೆ ಮೇಲೆತ್ತುತ್ತದೆ ಎಂಬುದಕ್ಕೆ ಮೇಲಿನ ಎರಡು ಔಷಧಿಗಳಿಗೆ ಇರುವಂಥ ಪರೀಕ್ಷೆಯ ಬಲ ಇಲ್ಲ.

"ನಮ್ಮ ಅತ್ತಿಗೆಗೆ ಬಂತಲ್ಲ" ಎಂದ ತಮ್ಮ. ಬಂದದ್ದು ಹೌದು. ಆಕೆಗೆ ಟೈಫಾಯ್ಡ್ ಆಗಿತ್ತು. ದೊಡ್ಡ ಜ್ವರ, ಹೆರಿಗೆ, ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರುವುದುಂಟು. ಬೇರೆ ತೊಂದರೆ ಇಲ್ಲದಿದ್ದರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ತಾನಾಗಿಯೇ ಬರುತ್ತದೆ. ಹೆದರಿದವರು ಆ ನಡುವೆ ಒಂದು ಬಾಟಲಿ ತರುತ್ತಾರೆ. ಕೂದಲು ಬರುವ ಹೊತ್ತಿಗೆ ಬಾಟಲಿ ಖಾಲಿಯಾಗಿರುತ್ತದೆ, ಹೆಸರು ಬಾಟಲಿಗೆ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ, ಥೈರಾಯ್ಡ್ ಕೂಡ ಕಾರಣವಾಗಬಹುದು. ಅದಕ್ಕೆ ಎಣ್ಣೆಗಿಂತ ಮೊದಲು ರಕ್ತ ಪರೀಕ್ಷೆ ಬೇಕು.

ಇನ್ನೊಂದು ಮಾತು. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿ ಇದೆ. ಗುಣಪಡಿಸುತ್ತೇವೆ ಎಂದು ಔಷಧಿಯ ಮೇಲೆ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಅದು. ಕ್ಯಾನ್ಸರ್, ಕುರುಡುತನದ ಜೊತೆಗೆ ಬೊಕ್ಕತಲೆ ಮತ್ತು ಹೊಸ ಕೂದಲು ಬೆಳೆಸುವುದೂ ಅದರಲ್ಲಿದೆ. ಹಾಗಾಗಿ "100% ಗ್ಯಾರಂಟಿ" ಎಂದು ಕಂಡ ಕೂಡಲೇ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಿರಿ.

ತಮ್ಮನಿಗೆ ಹಾಕಿಕೊಟ್ಟ ಲೆಕ್ಕ

ನಮ್ಮ ತಾಲೂಕಿನ ಎರಡು ಮೆಡಿಕಲ್ ಶಾಪಿನಲ್ಲಿ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದೆ. ನಿಮ್ಮ ಊರಿನಲ್ಲಿ ಬೆಲೆ ಬೇರೆ ಇರಬಹುದು.

ಮಿನಾಕ್ಸಿಡಿಲ್ 60 ಮಿಲಿ ಬಾಟಲಿ, ಕಂಪನಿ ನೋಡಿಕೊಂಡು 350ರಿಂದ 850 ರೂಪಾಯಿ. ದಿನಕ್ಕೆ ಎರಡು ಸಲ 1 ಮಿಲಿಯಂತೆ ಒಂದು ತಿಂಗಳು ಬರುತ್ತದೆ. ವರ್ಷಕ್ಕೆ 4,200ರಿಂದ 10,200. ಐದು ವರ್ಷಕ್ಕೆ 21 ಸಾವಿರದಿಂದ 51 ಸಾವಿರ.

ಫಿನಾಸ್ಟೆರೈಡ್ 1 ಮಿಲಿಗ್ರಾಂ, ಮಾತ್ರೆಗೆ 6ರಿಂದ 12 ರೂಪಾಯಿ. ವರ್ಷಕ್ಕೆ 2,190ರಿಂದ 4,380.

ನಾಟಿಗೆ ಬೇರಿನ ಲೆಕ್ಕ. ಫೋನಿನಲ್ಲಿ ಕೇಳಿದಾಗ ಒಂದು ಬೇರಿಗೆ 25ರಿಂದ 60 ರೂಪಾಯಿ ಎಂದರು. 2,000 ಬೇರಿಗೆ 50 ಸಾವಿರದಿಂದ 1 ಲಕ್ಷದ 20 ಸಾವಿರ. ಅದರ ಮೇಲೆ ಔಷಧಿ.

ತಲೆ ಬೋಳಿಸಿಕೊಳ್ಳುವುದು, ನಮ್ಮೂರ ಕಟಿಂಗ್ ಶಾಪಿನಲ್ಲಿ 80 ರೂಪಾಯಿ. ನಾನು ಈಗ ಮಾಡುತ್ತಿರುವುದು ಇದನ್ನೇ.

ತಮ್ಮನಿಗೆ ಬಂದ 60 ಸಾವಿರದ ಪ್ಯಾಕೇಜಿನಲ್ಲಿ ಏನೇನಿದೆ ಎಂದು ಬರೆದು ಕೊಡಲು ಕೇಳು ಎಂದೆ. ಕೇಳಿದ. ಒಂದು ಎಣ್ಣೆ, ಒಂದು ಶಾಂಪೂ, ಬಯೋಟಿನ್ ಮಾತ್ರೆ, ಹತ್ತು ಸಲ ಲೈಟು, ಮತ್ತು ಒಂದು ದ್ರವ. ಆ ದ್ರವದ ಹೆಸರು ಕೇಳಿದಾಗ ಮಿನಾಕ್ಸಿಡಿಲ್ ಎಂದರಂತೆ.

ಮರುವಾರ ಅವನನ್ನು ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋದೆ. ಚೀಟಿಗೆ 10 ರೂಪಾಯಿ. ಡಾಕ್ಟರು ತಲೆ ನೋಡಿ, ಮನೆಯಲ್ಲಿ ಯಾರಿಗಿದೆ ಎಂದು ಕೇಳಿ, ಮಿನಾಕ್ಸಿಡಿಲ್ ಬರೆದರು. ಮಾತ್ರೆಯ ಬಗ್ಗೆ ಒಳ್ಳೆಯದು ಕೆಟ್ಟದು ಎರಡೂ ಹೇಳಿದರು, ಅವನು ಸದ್ಯ ಬೇಡ ಎಂದ. ಈಗ ಎಂಟು ತಿಂಗಳಾಗಿದೆ. ನೆತ್ತಿಯ ಮೇಲೆ ಸ್ವಲ್ಪ ದಟ್ಟವಾಗಿದೆ, ಹಣೆಯ ಮೇಲೆ ಏನೂ ಆಗಿಲ್ಲ. ಉದುರುವುದು ಕಡಿಮೆಯಾಗಿದೆ ಅನ್ನುತ್ತಾನೆ. ಖರ್ಚು ತಿಂಗಳಿಗೆ 400 ರೂಪಾಯಿ.

ಮದುವೆ ಇನ್ನೂ ಆಗಿಲ್ಲ. ಮುಂದಿನ ಭಾನುವಾರ ಅರಸೀಕೆರೆ ಕಡೆ ಒಂದು ಹೆಣ್ಣು ನೋಡಲು ಹೋಗುವುದಿದೆ, ಟೋಪಿ ಹಾಕಿಕೊಳ್ಳದೆ ಹೋಗುತ್ತೇನೆ ಎಂದಿದ್ದಾನೆ. ಕೆಂಚಿ ಹೋದ ತಿಂಗಳು ಹೆಣ್ಣು ಕರು ಹಾಕಿದಳು.